ರಷ್ಯಾದ ಹುಲಿ, ಮೊಮ್ಮಗನ ಕರಡಿಗೆ

ಮಧುಗಿರಿಯ ನಿವೃತ್ತ ಉಪನ್ಯಾಸಕ ರುದ್ರಮುನಿಗೆ ಹೆಂಡತಿ ಮಕ್ಕಳಿಗಿಂತ ಒಂದು ಕೈ ಹೆಚ್ಚು ಪ್ರೀತಿ ಇದ್ದದ್ದು ರಷ್ಯಾದ ಬೆಳ್ಳಿ ನಾಣ್ಯಗಳ ಮೇಲೆ. ಒಂದೊಂದೂ ಮೂರು ರೂಬಲ್ಲಿನದು, ಕನ್ನಡಿಯ ಹೊಳಪು, ಒಂದೊಂದಕ್ಕೂ ಪ್ಲಾಸ್ಟಿಕ್ ಡಬ್ಬಿ. ಕೆಲವುಗಳ ಮೇಲೆ ಚರ್ಚು, ಕೆಲವುಗಳ ಮೇಲೆ ಕಾಡುಪ್ರಾಣಿ. ಬೀರು ತೆಗೆಯುವಾಗ ಅವನು ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದ. ಹೆಂಡತಿ ಜಗದಾಂಬ ಧೂಳು ಹೊಡೆಯಲು ಹೋದರೂ ಗುರ್ರೆನ್ನುತ್ತಿದ್ದ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ತನ್ನ ಮನೆಯದೇ ಬೀರು ಮುಟ್ಟಲು ಹಕ್ಕಿಲ್ಲವೆಂದರೆ ಏನನ್ನಬೇಕು!

ಸಿರಾಕ್ಕೆ ಕೊಟ್ಟಿದ್ದ ಮಗಳು ಭವ್ಯಳ ಮಗನಿಗೆ ಲಿಂಗದೀಕ್ಷೆ ಗೊತ್ತಾಯಿತು. ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟುವ ಬೆಳ್ಳಿ ಕರಡಿಗೆಯನ್ನು ತಾಯಿಯ ತವರಿನವರು ತಮ್ಮ ಮನೆಯ ಬೆಳ್ಳಿಯಲ್ಲೇ ಮಾಡಿಸಿ ಕೊಡುವುದು ಅವರ ಮನೆತನದ ಪದ್ಧತಿ.

"ಅಂಗ್ಡೀಲಿ ಒಂದು ತಂದು ಕೊಡು. ನಮ್ಮನೇಲಿ ಬೆಳ್ಳಿ ಎಲ್ಲೈತೆ?" ಎಂದ ರುದ್ರಮುನಿ.

ಬೀರುವಿನ ಎದುರಿಗೇ ನಿಂತು ಹೀಗೆಂದದ್ದು ಜಗದಾಂಬಳ ಹೊಟ್ಟೆ ಉರಿಸಿತು. ಮಗಳು ಅತ್ತೆಯ ಮುಂದೆ ತಲೆ ತಗ್ಗಿಸಬೇಕಲ್ಲ! ಗಂಡ ಕೊರಟಗೆರೆಗೆ ಹೋದ ದಿನ ತನ್ನ ಸೊಂಟದ ಗೊಂಚಲಿನಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬೀರು ತೆಗೆದಳು. ಚರ್ಚಿನ ನಾಣ್ಯ ಮುಟ್ಟಲಿಲ್ಲ. ಯಾರದಾದರೇನು, ದೇವರ ಮನೆಯೇ, ಕರಗಿಸಿದರೆ ಪಾಪ ಸುತ್ತಿಕೊಂಡೀತು. ಪ್ರಾಣಿಗಳಿಗೇನು? ಹುಲಿ, ಕರಡಿ, ಎರಡು ಚಿರತೆ ಸೆರಗಿನಲ್ಲಿ ಕಟ್ಟಿಕೊಂಡು ತವರೂರು ಪಾವಗಡದ ಅಕ್ಕಸಾಲಿಗನ ಮುಂದಿಟ್ಟಳು.

"ಹುಲಿ ಬಾಗುಂದಮ್ಮ, ಚೆನ್ನಾಗೈತೆ. ಕರಗಿಸ್ಲಾ?" ಎಂದ ಅವನು.

"ಕರಗ್ಸಪ್ಪ."

ಸಿರಾದಲ್ಲಿ ದೀಕ್ಷೆ ಚೆನ್ನಾಗಿ ನಡೆಯಿತು. ಬೀಗಿತ್ತಿ ಕರಡಿಗೆಯನ್ನು ನಾಲ್ಕು ಜನಕ್ಕೆ ತೋರಿಸಿದಾಗ ಜಗದಾಂಬಳ ಎದೆ ತುಂಬಿತು.

ಮೂರನೆಯ ದಿನ ರುದ್ರಮುನಿ ಬೀರು ತೆಗೆದ. ನಾಲ್ಕು ಡಬ್ಬಿ ಖಾಲಿ. ಜಗದಾಂಬ ಸುಳ್ಳು ಹೇಳಲಿಲ್ಲ.

"ಮೊಮ್ಮಗನ ಎದೆ ಮ್ಯಾಲವೆ ಕಣ್ರೀ. ಬೆಳ್ಳಿ ಬೆಳ್ಳೀನೇ ಅಲ್ವಾ?"

"ಪ್ರಾಣಿಗಳೇ ಸಿಕ್ಕೋದು ಕಷ್ಟ ಕಣೇ! ಯುದ್ಧ ಶುರುವಾದ ಮ್ಯಾಲೆ ರಷ್ಯಾಕ್ಕೆ ದುಡ್ಡು ಕಳ್ಸಕ್ಕೇ ಆಗಲ್ಲ. ಇನ್ನು ಈ ಜನ್ಮದಾಗೆ ಸಿಕ್ಕಲ್ಲ!"

ಅವನು ಕೂಗಾಡುತ್ತಿದ್ದ ಹೊತ್ತಿಗೇ ಭವ್ಯ ಮಗನೊಂದಿಗೆ ಆಶೀರ್ವಾದಕ್ಕೆಂದು ಬಂದಳು. ಹುಡುಗ "ತಾತಾ, ನೋಡು!" ಎಂದು ಎದೆಯುಬ್ಬಿಸಿಕೊಂಡು ಓಡಿ ಬಂದ. ರುದ್ರಮುನಿ ಕರಡಿಗೆಗೆ ಕೈ ಹಾಕಿ ಜಗ್ಗಿದ. ಅದನ್ನು ಕಟ್ಟಿದ್ದ ಶಿವದಾರ ಕಿತ್ತು ಬಂತು. ಮೈಮೇಲಿನ ಲಿಂಗವನ್ನು ಯಾರಾದರೂ ಹೀಗೆ ಕೀಳುತ್ತಾರೆಯೇ? ಆ ಮಹಾರಾಯನೋ, ಹುಲಿಯ ಗುರುತೇನಾದರೂ ಉಳಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಭವ್ಯಳಿಗೆ ಎಲ್ಲ ತಿಳಿಯಲು ಎರಡು ಮಾತು ಸಾಕಾಯಿತು. ಅಪ್ಪನ ಕೈಯಿಂದ ಕರಡಿಗೆ ಇಸಿದುಕೊಂಡು, ಲಿಂಗವನ್ನು ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ, ಅಳುತ್ತಿದ್ದ ಮಗನ ಕೊರಳಿಗೆ ಕಟ್ಟಿದಳು. ಖಾಲಿ ಕರಡಿಗೆಯನ್ನು ಅಪ್ಪನಿಗೇ ಹಿಂತಿರುಗಿಸಿದಳು.

"ಇಟ್ಕೊಳ್ಳಿ ಅಪ್ಪಾಜಿ. ಇವ್ನಿಗೆ ಬಟ್ಟೆ ಸಾಕು."

ತಾಯಿಯ ಮುಖವನ್ನೂ ನೋಡದೆ ಸಿರಾ ಬಸ್ಸಿಗೆ ಹೊರಟುಹೋದಳು. ಮಗಳ ಮಾನ ಉಳಿಸಲು ಹೋದ ಜಗದಾಂಬ ಬಾಗಿಲಲ್ಲೇ ನಿಂತಳು.

"ಬೀರು ಬೀಗದ ಕೈ ಕೊಡು ಇಲ್ಲಿ," ಎಂದ ರುದ್ರಮುನಿ ಹಿಂದಿನಿಂದ.

ಸೊಂಟದಿಂದ ತೆಗೆದು ಕೊಟ್ಟಳು.

"ತಗಳ್ಳಿ. ನಿಮ್ ಸಾಮಾನು ನಾನು ಯಾರಿಗೋಸ್ಕರ ಮುಟ್ಟಿದ್ನೋ ಆ ಮಗು ಇನ್ನು ಈ ಮನೆಗೆ ಬರಲ್ಲ ಬುಡಿ."