ಮಗ್ಗ ನಿಂತಾಗ ಕೇಳಿದ ಅಳು

ಇಚಲಕರಂಜಿಯ ಬಾಬಾಸಾಹೇಬರದು ಮುಂದೆ ಮನೆ, ಹಿಂದೆ ಕರೆಂಟಿನ ನಾಲ್ಕು ಮಗ್ಗ. ಬೆಳಗಾದರೆ ಸಾಕು, ಖಟಖಟ ಸದ್ದು ಶುರು. ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು.

೧೯೮೪ನೇ ಇಸವಿ. ಮಗಳು ಶಾಲನ ಎರಡು ವರ್ಷ ಗಡಹಿಂಗ್ಲಜದ ಕೋರ್ಟಿಗೆ ಅಲೆದಿದ್ದಳು. ಕೊನೆಗೆ ಸೋಡಚೀಟಿ ಆಯಿತು, ಗಂಡನ ಸಂಬಂಧ ಕಡಿಯಿತು. ಅದಾಗಿ ಎಂಟು ತಿಂಗಳು. ಅವಳು ದಿನವಿಡೀ ಮಗ್ಗದ ಮನೆಯ ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ತಾಯಿ ರತ್ನಮಾಲಾ ಓಣಿಯಲ್ಲಿ ಹೇಳಿದ್ದೇ ಹೇಳಿದ್ದು: "ನಮ್ಮ ಶಾಲನ ಭಾಳ ಗಟ್ಟಿ ಅದಾಳ್ರಿ. ಒಂದ ಹನಿ ಕಣ್ಣೀರ ಹಾಕಿಲ್ಲ ನೋಡ್ರಿ."

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೇ ನಿಂತವು. ಪಕ್ಕದ ಮನೆಯ ನರ್ಸ್ ನಾಗೂಬಾಯಿ ಮಜ್ಜಿಗೆ ಕೇಳಲು ಬಂದಿದ್ದರು. ಮೂಲೆಯಿಂದ ಬಿಕ್ಕುವ ಸದ್ದು ಬಂತು. ಶಾಲನ ತನ್ನ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆದರೂ ಅಳು ನಿಲ್ಲಲಿಲ್ಲ.

ರತ್ನಮಾಲಾ ಮಜ್ಜಿಗೆ ಹಿಡಿದುಕೊಂಡು ನಿಂತಲ್ಲೇ ನಿಂತರು. ಮಗಳು ಎಂಟು ತಿಂಗಳಿಂದ ಅಳುತ್ತಲೇ ಇದ್ದಳು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅಷ್ಟೆ.

ನಾಗೂಬಾಯಿ ಶಾಲನಳ ಪಕ್ಕ ಕೂತರು. "ಯಾವಾಗಿಂದ ಹಿಂಗ, ಶಾಲನ?"

"ಕೋರ್ಟಿನ ಕಾಲದಿಂದ, ಮೌಶಿ. ನಿದ್ದಿ ಹತ್ತೂದಿಲ್ಲ. ತುತ್ತ ಗಂಟಲದಾಗ ಇಳಿಯೂದಿಲ್ಲ. ಒಮ್ಮೊಮ್ಮೆ ಈ ಜೀವಾನ ಬ್ಯಾಡ ಅನಸ್ತೈತಿ."

ನಾಗೂಬಾಯಿ ಅವಳ ಕೈ ಗಟ್ಟಿಯಾಗಿ ಹಿಡಿದರು. "ಹೇಳಿದೆಲ್ಲ, ಚೊಲೊ ಆತವ್ವ." ಆಮೇಲೆ ರತ್ನಮಾಲಾ ಕಡೆ ತಿರುಗಿದರು. "ವೈನಿ, ಈಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಇವತ್ತ ಕೊಲ್ಲಾಪುರಕ್ಕ ಹೋಗೂಣು. ಅಲ್ಲೆ ಮನಸಿನ ಡಾಕ್ಟರ ಅದಾರ."

ರತ್ನಮಾಲಾ ಸಿಡುಕಿದರು. "ಹುಚ್ಚರ ಡಾಕ್ಟರ? ಮೊದಲ ಸೋಡಚೀಟಿ ಆದಾಕಿ ಅಂತಾರ. ಇನ್ನ ಹುಚ್ಚಿ ಅಂದ್ರ? ಬಸ್ತ್ಯಾಗ ಪೂಜಾಕ್ಕ ಬಂದ ನಾಲ್ಕ ಮಂದಿಗಿ ಹ್ಯಾಂಗ ಮಾರಿ ತೋರಸಲಿ?"

"ಹುಚ್ಚ ಅಲ್ರಿ ವೈನಿ, ದುಃಖ. ಮನ್ಯಾಗ ಯಾರರ ಸತ್ರ ಓಣಿ ಮಂದೆಲ್ಲಾ ಬಂದ ಕುಂಡ್ರತಾರ. ಜೋಡಿಗಿ ಅಳ್ತಾರ. ಈಕೀ ಸಂಸಾರ ಸತ್ತಾಗ ಯಾರ ಬಂದ್ರು, ಹೇಳ್ರಿ?"

ರತ್ನಮಾಲಾ ಕೈಯಲ್ಲಿದ್ದ ಮಜ್ಜಿಗೆ ಕೆಳಗಿಟ್ಟರು. ತಾವೂ ಮಗಳ ಬಳಿ ಹಾಗೆ ಒಂದು ದಿನ ಕೂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಾಬಾಸಾಹೇಬರೇ ಹೇಳಿದರು: "ಮಂದಿ ಏನರ ಅನ್ಲಿ. ನಾನೂ ಬರ್ತೇನಿ."

ಕೊಲ್ಲಾಪುರದಲ್ಲಿ ಮೊದಲು ಕಂಡ ಡಾಕ್ಟರು ನಿದ್ದೆಯ ಗುಳಿಗೆ ಬರೆದು, "ಜಾಸ್ತಿ ವಿಚಾರ ಮಾಡಬೇಡಿ" ಎಂದು ಎರಡೇ ನಿಮಿಷದಲ್ಲಿ ಕಳಿಸಿದರು. ಶಾಲನಳಿಗೆ ಸಾಕಾಗಿ ಹೋಯಿತು. "ನಾ ಇನ್ನ ಬರೂದಿಲ್ಲ, ಮೌಶಿ."

"ಒಬ್ಬರ ಹತ್ರ ಮನಸ್ಸ ಕೂಡಲಿಲ್ಲಂದ್ರ ಇನ್ನೊಬ್ಬರು," ಎಂದು ನಾಗೂಬಾಯಿ ಹುಡುಕುವುದನ್ನು ಬಿಡಲಿಲ್ಲ.

ಎರಡನೆಯವರು ಹೆಂಗಸು, ಕನ್ನಡ ಬಲ್ಲವರು. "ನೀ ಹೇಳಿದ್ದ ಈ ಖೋಲಿ ದಾಟೂದಿಲ್ಲ," ಎಂದರು. ಆಮೇಲೆ ಒಂದು ತಾಸು ಸುಮ್ಮನೆ ಕೇಳಿದರು. ಶಾಲನ ವಾರಕ್ಕೊಮ್ಮೆ ಎಸ್ಟಿ ಬಸ್ಸು ಹತ್ತಿ ಹೋಗತೊಡಗಿದಳು. ಒಂದು ವಾರ ತಾಯಿ ಜೊತೆಗೆ, ಒಂದು ವಾರ ತಂದೆ.

ದುಃಖ ಹೋಯಿತೇ? ಇಲ್ಲ, ನಾನು ಸುಳ್ಳು ಹೇಳುವುದಿಲ್ಲ. ಆದರೆ ನಿದ್ದೆ ಬಂತು, ಅನ್ನ ಸೇರಿತು. ಸಾಯುವ ಮಾತು ಮೆಲ್ಲಗೆ ದೂರವಾಯಿತು.

ಮರು ವರ್ಷ, ಹಿಂದೆ ಅವಳ ಮದುವೆಯಾಗಿದ್ದ ತಾರೀಖು ಬಂತು. ಬೆಳಗಿನಿಂದ ಅವಳ ಮುಖ ಬಾಡಿತ್ತು. ಬಾಬಾಸಾಹೇಬರು ಯಾರಿಗೂ ಹೇಳದೆ ಎದ್ದು ಹೋಗಿ, ನಡೆಯುತ್ತಿದ್ದ ನಾಲ್ಕೂ ಮಗ್ಗ ನಿಲ್ಲಿಸಿದರು. ರತ್ನಮಾಲಾ ಕೆಲಸ ಬಿಟ್ಟು ಮಗಳ ಪಕ್ಕ ಕೂತರು.

"ಅಳವ್ವಾ," ಎಂದರು. "ಈಗ ನಮಗ ಕೇಳಸ್ತೈತಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೋರ್ಟಿಗೆ ವಕೀಲರನ್ನು ಹುಡುಕುತ್ತೀರಲ್ಲ, ಮನಸ್ಸಿಗೂ ಒಬ್ಬರನ್ನು ಹುಡುಕಿ. ಕೇಸು ನಡೆದಿರುವಾಗಲೇ ಹುಡುಕಿ, ಮುಗಿದ ಮೇಲೂ ಬಿಡಬೇಡಿ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮೂರ ದವಾಖಾನೆಯ ನರ್ಸನ್ನು ಕೇಳಿ. ಜೀವ ಬೇಡವೆಂದು ಯಾರಾದರೂ ಅಂದರೆ ಆ ದಿನವೇ ಎದ್ದು ಹೊರಡಿ. ತವರಿಗೆ ಬಂದ ಮಗಳು ಅಳುತ್ತಿಲ್ಲವೆಂದು ಹೆಮ್ಮೆಪಡುವ ಮೊದಲು, ಒಂದು ಗಳಿಗೆ ನಿಮ್ಮ ಮನೆಯ ಮಗ್ಗ ನಿಲ್ಲಿಸಿ ಕೇಳಿ.