ಹೆಸರು ಅಳಿಸಲೊಲ್ಲದ ಪಟ್ಟಿ

ಚಳಿಗಾಲದ ಒಂದು ಸೋಮವಾರ, ಬೆಳಗ್ಗೆ ಎಂಟಕ್ಕೆ, ಕಾರ್ಖಾನೆಯ ಉಪಕರಣಗಳ ಕೋಣೆಯಲ್ಲಿ ತಂಗಿಯ ಮಗಳು ಕಂಪ್ಯೂಟರ್ ತಂದಿಟ್ಟಾಗಲೇ ಮುದುಕ ಉಗ್ರಾಣಿಗೆ ಅನುಮಾನ ಹತ್ತಿತು. ಅದರಲ್ಲಿ ಕೆಲಸಗಾರರದೊಂದು ಪಟ್ಟಿ, ಉಪಕರಣಗಳದೊಂದು. ಯಾರ ಹತ್ತಿರ ಏನಿದೆ ಎಂಬ ಮೂರನೆಯದರಲ್ಲಿ ಬರೀ ನಂಬರುಗಳು.

“ಒಂದೇ ಪುಸ್ತಕದಲ್ಲಿದ್ದದ್ದನ್ನ ಮೂರು ಹೋಳು ಮಾಡಿದೀಯ. ಏನು ಮುಚ್ಚಿಡ್ತಿದೀಯೇ?”

“ಏನೂ ಇಲ್ಲ ಮಾವ. ಹೆಸರು ಒಂದೇ ಕಡೆ ಇದ್ರೆ ಸಾಕು. ಮಿಕ್ಕ ಕಡೆ ನಂಬರೇ ಅವರ ಗುರುತು.”

ಗುರುವಾರ ಅವನು ಪಟ್ಟಿಯಿಂದ ಹೆಸರು ಅಳಿಸುವುದನ್ನು ಕಲಿಯಲು ಕೂತ. ಮರುದಿನ ನಿವೃತ್ತನಾಗಲಿದ್ದ ಲೇತ್ ಕೆಲಸದ ಗೆಳೆಯನ ಹೆಸರನ್ನೇ ಆರಿಸಿದ. ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ.

“ಅವರ ನಂಬರಿಗೆ ಅಳತೆಯ ಒಂದು ಮೈಕ್ರೋಮೀಟರ್ ಇನ್ನೂ ಅಂಟಿಕೊಂಡಿದೆ ಮಾವ. ಅದು ಬಿಡೋವರೆಗೂ ಹೆಸರು ಹೋಗಲ್ಲ.”

“ಮೂವತ್ತು ವರ್ಷದ ಗೆಳೆಯ, ಹೋಗೋ ಹೊತ್ತಿಗೆ ಕಳ್ಳನಾದನಾ! ಗೇಟಿನವರಿಗೆ ಹೇಳ್ತೀನಿ, ಚೀಲ ನೋಡಲಿ.”

“ಮೊದಲು ಉಪಕರಣ ಇಡೋ ನಿಮ್ಮ ಗೂಡು ನೋಡಿ. ಇದೆಲ್ಲ ನಿಮ್ಮ ಪುಸ್ತಕ ನೋಡಿಯೇ ತುಂಬಿದ್ದು.”

ಮೈಕ್ರೋಮೀಟರ್ ಗೂಡಿನಲ್ಲೇ ತಣ್ಣಗೆ ಕೂತಿತ್ತು. ಗೆಳೆಯ ಎಂದೋ ಹಿಂದಿರುಗಿಸಿದ್ದ. ನೆನಪಿರುತ್ತದೆಂಬ ಧೈರ್ಯದಲ್ಲಿ ಪುಸ್ತಕದ ಸಾಲಿಗೆ ಗೀಟು ಹಾಕದವನು ಉಗ್ರಾಣಿಯೇ. ಮೂರನೇ ಪಟ್ಟಿಯ ಸಾಲನ್ನು ತೆಗೆದ ಮೇಲೆ ಹೆಸರು ಸಲೀಸಾಗಿ ಅಳಿಯಿತು.

ಶುಕ್ರವಾರ ಸಂಜೆ ಗೆಳೆಯ ಹೊರಟ. ಉಗ್ರಾಣಿ ಬೀದಿಯ ತಿರುವಿನವರೆಗೂ ಜೊತೆಗೆ ನಡೆದ; ಹಿಂದಿನ ದಿನ ಅವನನ್ನು ಕಳ್ಳನೆಂದದ್ದನ್ನು ಮಾತ್ರ ಹೇಳಲಾಗಲಿಲ್ಲ.