ನೂರರಾಗ ಇಬ್ಬರು

ಪದ್ಮವ್ವ ಆ ದಿನ ರಬ್ಬರು ಕೈಗೆ ತಗೊಂಡಿದ್ದು ಗಂಡನಿಗೆ ಮೋಸ ಮಾಡಬೇಕೆಂದಲ್ಲ. ಆ ಚಿತ್ರಗಳೊಳಗಿನ ತಪ್ಪನ್ನು ಅವಳ ಕಣ್ಣು ತಡೀಲಿಲ್ಲ, ಅಷ್ಟೇ.

ಅವಳ ಗಂಡ ಅಮಸಿದ್ದಪ್ಪ ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್. ತನ್ನ ಬುದ್ಧಿ ತನ್ನ ಖುರ್ಚಿಗಿಂತ ದೊಡ್ಡದು ಅನ್ನೋ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು. ೧೯೮೨ರಲ್ಲಿ ಪೇಪರಿನೊಳಗೆ ಪುಣೆಯ ಕುಶಾಗ್ರ ಮಂಡಳಿಯ ಸುದ್ದಿ ಓದಿದ. ನೂರು ಮಂದಿಯೊಳಗೆ ಇಬ್ಬರಿಗೆ ಮಾತ್ರ ಇರುವಂಥ ಬುದ್ಧಿ ಇದ್ದವರನ್ನಷ್ಟೇ ಸೇರಿಸಿಕೊಳ್ಳುವ ಸಂಘವಂತೆ ಅದು. ಬಾಗಲಕೋಟೆ ಕಡೆಗೂ ಅದರ ಶಾಖೆ ಇತ್ತು.

"ಒಬ್ಬರು ಸೇರಿದರ ಸಾಕು, ಇಡೀ ಮನಿತನಕ್ಕ ಮರ್ಯಾದಿ," ಎಂದ ಅಮಸಿದ್ದಪ್ಪ. "ಮಾಯವ್ವನ ತಲಿನೂ ಚುರುಕಾಗತೈತಿ."

"ಆಕಿ ತಲಿ ಈಗ ಏನಾಗೇತ್ರಿ?" ಎಂದಳು ಪದ್ಮವ್ವ. ಮಾಯವ್ವ ಅವರ ಮಗಳು, ಏಳನೇ ಇಯತ್ತೆ. ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

ಮಂಡಳಿಯವರು ಅಂಚೆಯಲ್ಲಿ ಮೊದಲ ಪರೀಕ್ಷೆ ಕಳಿಸಿದರು. ಮನೆಯಲ್ಲೇ ಕುಳಿತು ಬರೆಯುವಂಥದ್ದು. ಓದೋದು ಏನೂ ಇಲ್ಲ, ಬರೇ ಚಿತ್ರ. ಚೌಕದ ಒಂಬತ್ತು ಮನೆಗಳಲ್ಲಿ ಎಂಟು ತುಂಬಿರುತ್ತವೆ, ಒಂದು ಖಾಲಿ. ಕೆಳಗಿನ ಆರರಲ್ಲಿ ಯಾವುದು ಅಲ್ಲಿ ಕೂಡುತ್ತದೋ ಅದಕ್ಕೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಅಂಥವು ನಲವತ್ತು. ಅಮಸಿದ್ದಪ್ಪ ರವಿವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮುಗಿಸಿದ. ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ಕ್ಷೌರಕ್ಕೆ ಹೋದ.

ಪದ್ಮವ್ವ ಕಸ ಹೊಡೆಯಲು ಬಂದವಳು ಒಂದು ಹಾಳೆ ನೋಡಿದಳು. ಅವಳ ತವರು ಗುಳೇದಗುಡ್ಡ. ಹುಟ್ಟಿದ ಮನೆಯಲ್ಲಿ ಮಗ್ಗ, ಎದುರು ಮನೆಯಲ್ಲಿ ಮಗ್ಗ. ಮದುವೆಯಾಗುವತನಕ ಕುಪ್ಪಸದ ಖಣ ನೇಯ್ದವಳು. ಯಾವ ಹೂವಿನ ಪಕ್ಕ ಯಾವುದು ಬರಬೇಕು, ಎಷ್ಟನೇ ಸಾಲಿಗೆ ಅದು ತಿರುವಿ ಬೀಳಬೇಕು ಅನ್ನೋದು ಅವಳ ಬೆರಳಿಗೇ ಗೊತ್ತು. ನಾಲ್ಕನೇ ಚಿತ್ರದಲ್ಲಿ ಎಡಕ್ಕೆ ವಾಲಿದ್ದು ಕೂಡಬೇಕಿತ್ತು, ಗಂಡ ಬಲಕ್ಕೆ ವಾಲಿದ್ದಕ್ಕೆ ಗುರುತು ಹಾಕಿದ್ದ. ಅದನ್ನು ಹಂಗೇ ಬಿಟ್ಟು ಕಸ ಹೊಡೆಯಲು ನೋಡಿದಳು. ಕಸಬರಿಗಿ ಮುಂದಕ್ಕೆ ಹೋಗಲಿಲ್ಲ. ಅಳಿಸಿ ತಿದ್ದಿದಳು. ಆಮೇಲೆ ಇನ್ನೊಂದು ಕಂಡಿತು. ಹೀಗೆ ಹನ್ನೊಂದಾದವು. ಗಂಡನ ಗುರುತಿನ ಹಾಗೇ ಸಣ್ಣಗೆ ಗುರುತು ಹಾಕಿ, ರಬ್ಬರಿನ ಪುಡಿ ಊದಿ, ಹಾಳೆಗಳನ್ನು ಮೊದಲಿನಂತೆ ಇಟ್ಟಳು.

ತಿಂಗಳೊಪ್ಪತ್ತಿಗೆ ಪುಣೆಯಿಂದ ಪತ್ರ ಬಂತು. ಅಮಸಿದ್ದಪ್ಪನವರಲ್ಲಿ ಅಸಾಧಾರಣ ಬುದ್ಧಿಯ ಲಕ್ಷಣ ಕಂಡಿದೆ, ಬಾಗಲಕೋಟೆಗೆ ಬಂದು ಎರಡನೇ ಪರೀಕ್ಷೆಯನ್ನು ಎದುರಿಗೇ ಕುಳಿತು ಬರೆಯಬೇಕು, ಮನೆಯವರೂ ಬರೆಯಬಹುದು.

ಅಂದಿನಿಂದ ಅವನ ಜೊತೆ ಬಾಳುವೆ ಮಾಡೋದು ಕಷ್ಟವಾಯಿತು. ಮೆದುಳಿಗೆ ಬಿಸಿಲು ತಾಗಬಾರದೆಂದು ಚಳಿಗಾಲದಲ್ಲೂ ಛತ್ರಿ ಹಿಡಿದು ಕೋರ್ಟಿಗೆ ಹೋದ. ವಕೀಲರು ಬರೆದುಕೊಟ್ಟ ಅರ್ಜಿಯನ್ನು ಕೇಳದೇ ತಿದ್ದಿ ಟೈಪು ಮಾಡಿ, ಅವರಿಂದ ಬೈಸಿಕೊಂಡ. ಸಂತೆಗೆ ಹೋಗು ಎಂದರೆ, "ಬದನಿಕಾಯಿ ಆರಿಸಾಕ ನನ್ನ ತಲಿ ಖರ್ಚ ಮಾಡಬೇಕೇನು?" ಎಂದ. ಒಲೆಯ ಮೇಲೆ ಹಾಲಿಟ್ಟು ನೋಡಿಕೊಳ್ಳಿರಿ ಅಂದ ದಿನ, ಅದು ಎಷ್ಟು ನಿಮಿಷಕ್ಕೆ ಉಕ್ಕುತ್ತದೆಂದು ಲೆಕ್ಕ ಹಾಕುತ್ತ ನಿಂತ. ಹಾಲು ಉಕ್ಕಿ ಒಲೆ ಆರಿತು. "ಎರಡು ನಿಮಿಷ ಮೊದಲ ಉಕ್ಕಿತು. ಬೋಗುಣಿ ಸರಿ ಇಲ್ಲ," ಎಂದ.

ಪದ್ಮವ್ವ ಒಲೆ ಒರೆಸುತ್ತ, ಆ ರಬ್ಬರನ್ನು ಯಾಕಾದರೂ ಮುಟ್ಟಿದೆನೋ ಅಂದುಕೊಂಡಳು.

ಎರಡನೇ ಪರೀಕ್ಷೆಗೆ ಮೂವರೂ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದರು. ಶಾಖೆಯ ಮುಖ್ಯಸ್ಥ ರಾಚಯ್ಯ, ನಿವೃತ್ತ ಓವರ್‌ಸಿಯರ್, ಸಾಲೆಯ ಒಂದು ಕೋಣೆಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದ. ಮಾಯವ್ವ ವಯಸ್ಸಿನ ನೆಪ ಹೇಳಿ ಹೊರಗೆ ಉಳಿದಳು. ಪದ್ಮವ್ವನೂ ಒಲ್ಲೆ ಎಂದಳು.

"ಬರಿ, ಹೆದರಬ್ಯಾಡ," ಎಂದ ಗಂಡ. "ನನ್ನ ಮಗ್ಗಲಕ್ಕ ಕುಂದ್ರು. ಆದರ ನನ್ನ ಹಾಳಿ ಮಾತ್ರ ನೋಡಬಾರದು."

ಮನೆಯ ಶಾಂತಿಗೋಸ್ಕರ ಎಲ್ಲಾ ತಪ್ಪು ಬರೆಯಬೇಕೆಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಮೊದಲಿನ ಎರಡನ್ನು ಬೇಕಂತಲೇ ತಪ್ಪು ಮಾಡಿದಳು. ಮೂರನೆಯದಕ್ಕೆ ಬರುವುದರೊಳಗೆ ಕುಪ್ಪಸ ತಿರುವುಮುರುವು ತೊಟ್ಟು ಮಂದಿಯೊಳಗೆ ಕುಳಿತಂತಾಯಿತು. ಹಿಂದಕ್ಕೆ ಹೋಗಿ ಎರಡನ್ನೂ ಸರಿ ಮಾಡಿದಳು. ಆಮೇಲೆ ತಲೆ ಎತ್ತಲಿಲ್ಲ.

ಹದಿನೈದು ದಿನಕ್ಕೆ ಎರಡು ಲಕೋಟೆ ಬಂದವು. ಅಮಸಿದ್ದಪ್ಪ ಎರಡನ್ನೂ ಒಡೆದು ಓದಿ, ಅದಲುಬದಲು ಮಾಡಿ ಮತ್ತೆ ಓದಿದ. ಶ್ರೀಮತಿ ಪದ್ಮವ್ವನವರಿಗೆ ಮಂಡಳಿಗೆ ಸ್ವಾಗತ. ಶ್ರೀ ಅಮಸಿದ್ದಪ್ಪನವರು ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನಿಸಬಹುದು.

"ಹೆಸರು ಅದಲಿಬದಲಿ ಆಗ್ಯಾವ," ಎಂದ. ಕೋರ್ಟಿನ ಮಷಿನ್ ಮೇಲೆ ಪುಣೆಗೆ ಪತ್ರ ಟೈಪು ಮಾಡಿಕೊಂಡು ಬಂದ. ಅದನ್ನು ಹೆಂಡತಿಯ ಎದುರಿಗೇ ಗಟ್ಟಿಯಾಗಿ ಓದಿದ: ತನ್ನ ಮೊದಲ ಪರೀಕ್ಷೆಯ ಫಲಿತಾಂಶವೇ ಇದಕ್ಕೆ ಸಾಕ್ಷಿ ಎಂದು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅದನ್ನ ಕಳಸಬ್ಯಾಡ್ರಿ," ಎಂದಳು ಪದ್ಮವ್ವ. "ಆ ಮೊದಲಿನ ಹಾಳ್ಯಾಗ ನಾ ಒಂದಿಷ್ಟ ತಿದ್ದೇನಿ."

ಅಮಸಿದ್ದಪ್ಪ ಪತ್ರ ಕೆಳಗಿಟ್ಟ. ಅವನ ಕಿವಿ ಕೆಂಪಾದವು. ಬೈಯುತ್ತಾನೆಂದು ಅವಳು ಕಾದಳು.

"ಎಷ್ಟ ತಿದ್ದಿದಿ?"

"ಹನ್ನೊಂದು."

"ಉಳದ ಇಪ್ಪತ್ತೊಂಬತ್ತು ನನ್ನವನ?"

"ನಿಮ್ಮವನ ರೀ."

"ಹಂಗಾರ ಭಾಳ ಆದುವಲ್ಲ," ಎಂದು ಪತ್ರವನ್ನು ನಾಲ್ಕಾಗಿ ಹರಿದ. ಮಾಯವ್ವ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಅದು ನಗುವಿಗೆ ಕುಲುಕುತ್ತಿತ್ತು.

ಪದ್ಮವ್ವನಿಗೆ ಸಂಘ ಬೇಕಿರಲಿಲ್ಲ. ಆದರೆ ತಾನು ಮಂಡಳಿ ಸೇರುತ್ತೇನೆಂದು ಅಮಸಿದ್ದಪ್ಪ ಕೋರ್ಟಿನಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದ. ಈಗ 'ನಾನು' ಅನ್ನುವ ಬದಲು 'ನಮ್ಮ ಮನ್ಯಾಗ' ಅಂದರೆ ಸಾಕಿತ್ತು, ಮಾತು ಸುಳ್ಳಾಗುತ್ತಿರಲಿಲ್ಲ. ಹಾಗಾಗಿ ಅವನೇ ಬೆನ್ನು ಬಿದ್ದು ಅವಳನ್ನು ಸೇರಿಸಿದ.

ಮೊದಲ ಸಭೆ ಬಾದಾಮಿಯಲ್ಲಿ, ಜೈನಬಿ ಎಂಬ ಗಣಿತ ಟೀಚರ ಮನೆಯಲ್ಲಿ. ಒಳಗಿನ ಕೋಣೆಯಲ್ಲಿ ಏಳು ಮಂದಿ ಸದಸ್ಯರು. ಮೊದಲ ತಾಸು ಯಾರಿಗೆ ಎಷ್ಟು ಅಂಕ ಬಿದ್ದವು ಅನ್ನೋದರಲ್ಲೇ ಹೋಯಿತು. ಪದ್ಮವ್ವ ಆಕಳಿಸಿದಳು. ಆಮೇಲೆ ಜೈನಬಿ ಕಡ್ಡಿಪೆಟ್ಟಿಗೆ ತೆಗೆದು ನೆಲದ ಮೇಲೆ ಕಡ್ಡಿ ಜೋಡಿಸಿ, "ಎರಡ ಕಡ್ಡಿ ಸರಿಸಿ ನಾಕು ಚೌಕ ಮಾಡ್ರಿ ಅಕ್ಕಾರ," ಎಂದಳು. ಪದ್ಮವ್ವ ಮುಂದಕ್ಕೆ ಸರಿದು ಕುಳಿತಳು. ಮದುವೆಯಾದ ಮೇಲೆ ಇಷ್ಟು ಹೊತ್ತು ಅವಳನ್ನು ಯಾರೂ ನೀರು ಕೇಳದೇ ಬಿಟ್ಟಿರಲಿಲ್ಲ.

ಸದಸ್ಯರಲ್ಲದವರಿಗೆ ಜಾಗ ಹೊರಗಿನ ಪಡಸಾಲೆಯಲ್ಲಿ. ಅಮಸಿದ್ದಪ್ಪ ಮುಖ ಗಂಟು ಹಾಕಿಕೊಂಡೇ ಅಲ್ಲಿ ಕುಳಿತ. ಜೈನಬಿಯ ಗಂಡ ಅಬ್ದುಲಸಾಬ, ಲಾರಿ ಮೇಸ್ತ್ರಿ, ಅವನತ್ತ ಚಾಪೆ ಸರಿಸಿದ.

"ನಿಮ್ಮವರು ಹೊಸದಾಗಿ ಪಾಸಾಗ್ಯಾರೇನ್ರಿ?"

"ಹೌದ್ರಿ."

"ಮೊದಲಿಗೆ ಜರಾ ತ್ರಾಸ ಆಗತೈತಿ. ಬರ್ರಿ, ಚೌಕಾಬಾರಕ್ಕ ಒಬ್ಬರು ಕಡಿಮಿ ಬಿದ್ದಾರ."

ರಾಚಯ್ಯನ ಹೆಂಡತಿ ಶಿವಬಸವ್ವ ಕವಡೆ ಹಾಕುತ್ತಿದ್ದಳು. ಎರಡು ಸುತ್ತಿನೊಳಗೆ ಆಕೆ ಮೂರು ಸಲ ಕಾಯಿ ಕದ್ದು ಮುಂದಿಟ್ಟಳು. ನಾಲ್ಕನೇ ಸಲ ಅಮಸಿದ್ದಪ್ಪ ಹಿಡಿದ. "ಇವರ ಕಣ್ಣು ಚುರುಕ ಅದಾವಪಾ," ಎಂದಳು ಶಿವಬಸವ್ವ, ಒಂದಿಷ್ಟೂ ನಾಚದೆ. ಅಮಸಿದ್ದಪ್ಪನಿಗೆ ಆ ಮಾತು ಪುಣೆಯ ಮೊದಲ ಪತ್ರಕ್ಕಿಂತ ಹೆಚ್ಚು ರುಚಿಸಿತು.

ಮುಂದಿನ ತಿಂಗಳ ಸಭೆಯ ದಿನ ಪದ್ಮವ್ವ ಹಪ್ಪಳದ ಹಿಟ್ಟು ಕಲಸಿ ಕುಳಿತಿದ್ದಳು. ನೋಡಿದರೆ ಗಂಡ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಾನೆ.

"ಈ ಸಲ ನಾ ಒಲ್ಲೆರಿ," ಎಂದಳು. "ಮನಿ ಕೆಲಸ ಹಂಗ ಉಳದೈತಿ."

"ಹಂಗಂದರ ಹೆಂಗ? ನೀ ಬರದಿದ್ದರ ನನ್ನನ್ನ ಯಾವ ಲೆಕ್ಕದಾಗ ಕುಂಡರಸ್ತಾರ?" ಅಮಸಿದ್ದಪ್ಪ ಚಪ್ಪಲಿ ಕಳಚಿ ಒಳಗೆ ಬಂದು, ಅವಳ ಮುಂದಿನ ಹಿಟ್ಟಿನ ಮೇಲೆ ಒದ್ದೆ ಅರಿವೆ ಮುಚ್ಚಿದ. "ಏಳು. ಮನಿತನಕ್ಕ ಇಂಥಾ ಛಲೋ ಸಂಘ ಇನ್ನೊಂದಿಲ್ಲ. ಹಪ್ಪಳ ನಾಳೆ ನಾನ ಲಟ್ಟಿಸಿ ಕೊಡತೇನಿ."

ಪದ್ಮವ್ವ ಅವನ ಮುಖ ನೋಡಿದಳು. ಮಾತು ಖರೆ ಇದ್ದಂಗಿತ್ತು. ಕೈ ತೊಳೆದುಕೊಂಡು, ಮಾಯವ್ವನನ್ನು ಸಾಕ್ಷಿಗೆ ಕರೆದು, ಹಪ್ಪಳದ ಮಾತನ್ನು ಅವನ ಬಾಯಿಂದ ಇನ್ನೊಮ್ಮೆ ಹೇಳಿಸಿದ ಮೇಲೆಯೇ ಸೀರೆ ಬದಲಿಸಲು ಒಳಗೆ ಹೋದಳು.